ಸಾಕು ಎನ್ನಲು ಒಬ್ಬ ಉಸ್ತಾದ್ ಬೇಕು

ಕಳೆದ ವರ್ಷ ಬೇಸಿಗೆ ರಜೆಯಲ್ಲಿ 17 ವರ್ಷದ ಹುಡುಗನೊಬ್ಬನನ್ನು ಅವನ ಅಜ್ಜ ನನ್ನ ಬಳಿ ಕರೆತಂದರು. ಹುಡುಗನಿಗೆ ಸರಿಯಾಗಿ ಹೆಜ್ಜೆ ಇಡಲು ಆಗುತ್ತಿರಲಿಲ್ಲ. ಎರಡೂ ತೊಡೆಗಳು ಊದಿ ಕಲ್ಲಿನಂತೆ ಬಿಗಿದುಕೊಂಡಿದ್ದವು. ಮೂತ್ರ ಕಾಫಿ ಡಿಕಾಕ್ಷನ್ ಬಣ್ಣದಲ್ಲಿ ಹೋಗುತ್ತಿದೆ ಎಂದು ಅವನೇ ಸಂಕೋಚಪಡುತ್ತಾ ಹೇಳಿದ. ವಿಚಾರಿಸಿದಾಗ ಸಂಗತಿ ತಿಳಿಯಿತು. ಎರಡು ದಿನದ ಹಿಂದೆ ಗೆಳೆಯರ ಜೊತೆ ಜಿಮ್ ಸೇರಿದ್ದಾನೆ. ಮೊದಲ ದಿನವೇ ಪಂದ್ಯ ಕಟ್ಟಿ 300 ಬಸ್ಕಿ ಹೊಡೆದಿದ್ದಾನೆ. ತಡೆಯುವವರು ಯಾರೂ ಇರಲಿಲ್ಲ. ಸುತ್ತ ನಿಂತವರು ಎಣಿಸುತ್ತಿದ್ದರು, ಮೊಬೈಲಿನಲ್ಲಿ ಚಿತ್ರ ತೆಗೆಯುತ್ತಿದ್ದರು.

ಅವನನ್ನು ಕೂಡಲೇ ಆಸ್ಪತ್ರೆಗೆ ಸೇರಿಸಿ ಡ್ರಿಪ್ ಹಾಕಬೇಕಾಯಿತು. ಐದು ದಿನಗಳಲ್ಲಿ ಮೂತ್ರದ ಬಣ್ಣ ತಿಳಿಯಾಯಿತು, ಮೂತ್ರಪಿಂಡಗಳು ಉಳಿದವು. ಮನೆಗೆ ಕಳಿಸುವ ದಿನ ಅಜ್ಜ ನನ್ನ ಎದುರು ಕುಳಿತು ಹೇಳಿದ ಮಾತು ಇಂದಿಗೂ ನನ್ನ ನೆನಪಿನಲ್ಲಿದೆ. "ನಾನು ಗರಡಿಲಿ ಸಾಮು ಮಾಡಿದೋನು ಡಾಕ್ಟ್ರೇ. ನಮ್ಮ ಉಸ್ತಾದರು ಮೊದಲ ಹದಿನೈದು ದಿನ ಬಸ್ಕಿ ಹೊಡೆಯೋಕೇ ಬಿಡಲಿಲ್ಲ. ಮಟ್ಟಿ ಅಗೆಯೋ, ದೊಡ್ಡೋರು ಮಾಡೋದನ್ನ ನೋಡೋ ಅಂದ್ರು. ಆಮೇಲೆ ದಿನಕ್ಕೆ ಹತ್ತು. ಹನ್ನೊಂದನೇದಕ್ಕೆ ಕೂತರೆ 'ಸಾಕು' ಅಂತ ಬೆನ್ನ ಮೇಲೆ ಒಂದು ಬಿಡೋರು."

"ಹಾಗಾದರೆ ಮೊಮ್ಮಗನಿಗೆ ನೀವೇ ಹೇಳಿಕೊಡಬಹುದಿತ್ತಲ್ಲ ಯಜಮಾನರೇ?" ಎಂದು ಕೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. "ಮಗನಿಗೇ ಹೇಳಿಕೊಡಲಿಲ್ಲ. ಓದಲಿ ಅಂದುಕೊಂಡೆ. ಇವನು ಕೇಳಲೂ ಇಲ್ಲ" ಎಂದರು.

ಗರಡಿ ಪರಂಪರೆ ಉಳಿಯಬೇಕು ಎಂದು ಪ್ರತಿ ದಸರೆಯಲ್ಲೂ ಭಾಷಣಗಳಾಗುತ್ತವೆ. ನಾಡಿನ ಹೆಮ್ಮೆ, ಸಂಸ್ಕೃತಿ ಎಂಬ ಮಾತುಗಳು ಕೇಳಿಬರುತ್ತವೆ. ಅವೆಲ್ಲ ಇರಲಿ. ವೈದ್ಯನಾಗಿ ನಾನು ಹೇಳಬೇಕೆಂದಿರುವುದು ಬೇರೆ. ಆ ಅಜ್ಜನ ಉಸ್ತಾದರು ಹೇಳುತ್ತಿದ್ದ 'ಸಾಕು' ಎಂಬ ಮಾತಿದೆಯಲ್ಲ, ಗರಡಿ ಪರಂಪರೆಯಲ್ಲಿ ನಾವು ಉಳಿಸಿಕೊಳ್ಳಬೇಕಾದ ಮುಖ್ಯ ವಿದ್ಯೆ ಅದೇ. ಅದು ತಪ್ಪಿಹೋದರೆ ನಷ್ಟವಾಗುವುದು ನಮ್ಮ ಮಕ್ಕಳ ಆರೋಗ್ಯಕ್ಕೆ.

ಬಸ್ಕಿಯಿಂದ ಮೂತ್ರಪಿಂಡಕ್ಕೆ ಏನು ಸಂಬಂಧ?

ಅಭ್ಯಾಸವಿಲ್ಲದ ಸ್ನಾಯುವಿಗೆ ಒಮ್ಮೆಲೇ ವಿಪರೀತ ಕೆಲಸ ಕೊಟ್ಟರೆ ಸ್ನಾಯುವಿನ ಜೀವಕೋಶಗಳು ಒಡೆಯುತ್ತವೆ. ಅವುಗಳೊಳಗಿನ ಮಯೋಗ್ಲೋಬಿನ್ ಎಂಬ ವಸ್ತು ರಕ್ತಕ್ಕೆ ಸೇರಿ ಮೂತ್ರಪಿಂಡಗಳಿಗೆ ಬರುತ್ತದೆ. ಮೂತ್ರ ಕಂದುಬಣ್ಣಕ್ಕೆ ತಿರುಗುವುದು ಇದರಿಂದಲೇ. ಹೆಚ್ಚಾದರೆ ಮೂತ್ರಪಿಂಡಗಳು ಕೆಲಸ ನಿಲ್ಲಿಸಬಹುದು. ಇದಕ್ಕೆ ವೈದ್ಯರು ರಾಬ್ಡೊಮಯೊಲಿಸಿಸ್ ಎನ್ನುತ್ತಾರೆ. ಬಿಸಿಲು, ಬಾಯಾರಿಕೆ, ಜ್ವರ ಇವು ಜೊತೆಗೂಡಿದರೆ ಅಪಾಯ ಇನ್ನೂ ಹೆಚ್ಚು. ಸೈನ್ಯಕ್ಕೆ ಹೊಸದಾಗಿ ಸೇರಿದವರಲ್ಲಿ, ವ್ಯಾಯಾಮಕ್ಕೆ ಹೊಸಬರಾದವರಲ್ಲಿ ಇದು ಕಾಣಿಸಿಕೊಂಡ ಬಗ್ಗೆ ವೈದ್ಯಕೀಯ ಗ್ರಂಥಗಳಲ್ಲಿ ಬೇಕಾದಷ್ಟು ದಾಖಲೆಗಳಿವೆ. ಶಾಲೆಯಲ್ಲಿ ಶಿಕ್ಷೆಯೆಂದು ನೂರಾರು ಬಸ್ಕಿ ಹೊಡೆಸುವವರೂ ಇದನ್ನು ಗಮನಿಸಬೇಕು.

ಹಾಗೆಂದು ಬಸ್ಕಿ ಕೆಟ್ಟದ್ದಲ್ಲ. ತೊಡೆ, ಸೊಂಟ, ಮಂಡಿಗಳನ್ನು ಗಟ್ಟಿಗೊಳಿಸಲು ಅದರಷ್ಟು ಸುಲಭವಾದ, ಖರ್ಚಿಲ್ಲದ ವ್ಯಾಯಾಮ ಕಡಿಮೆ. ಒಂದೇ ಬಸ್ಕಿ ಒಬ್ಬನಿಗೆ ಔಷಧ, ಇನ್ನೊಬ್ಬನಿಗೆ ವಿಷ. ವ್ಯತ್ಯಾಸ ಇರುವುದು ಅಳತೆಯಲ್ಲಿ. ಆ ಅಳತೆಯನ್ನು ಯಾರು ಹೇಳಬೇಕು?

ಹಳೆಯ ವಿದ್ಯೆ, ಹಳೆಯ ಲೆಕ್ಕ

ನಮ್ಮ ನಾಡಿನಲ್ಲಿ ಇದನ್ನು ಹೇಳುವವರ ಸಾಲು ಬಹಳ ಹಿಂದಿನಿಂದ ಇದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ಬರೆದ 'ಮಾನಸೋಲ್ಲಾಸ'ದಲ್ಲಿ ಮಲ್ಲವಿನೋದದ ಭಾಗವೇ ಇದೆ. ಮಲ್ಲರನ್ನು ವಯಸ್ಸು, ಮೈಕಟ್ಟು, ಬಲ ನೋಡಿ ವಿಂಗಡಿಸಬೇಕು, ಅವರು ಏನು ವ್ಯಾಯಾಮ ಮಾಡಬೇಕು, ಏನು ಉಣ್ಣಬೇಕು ಎಂಬುದೆಲ್ಲ ಅದರಲ್ಲಿ ಬರುತ್ತದೆ. ಎಲ್ಲರಿಗೂ ಒಂದೇ ಪಾಠ ಸಲ್ಲದು ಎಂಬುದನ್ನು ಆ ಕಾಲಕ್ಕೇ ತಿಳಿದಿದ್ದರು.

1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಪಾಯಸ್, ಕೃಷ್ಣದೇವರಾಯನ ದಿನಚರಿಯನ್ನು ಬರೆದಿಟ್ಟಿದ್ದಾನೆ. ಅರಸ ನಸುಕಿಗೆ ಮೊದಲೇ ಎದ್ದು, ಎಳ್ಳೆಣ್ಣೆ ಕುಡಿದು, ಮೈಗೆಲ್ಲ ಅದೇ ಎಣ್ಣೆ ಹಚ್ಚಿಕೊಂಡು, ಮಣ್ಣಿನ ಭಾರಗಳನ್ನು ಎತ್ತಿ, ಎಣ್ಣೆಯೆಲ್ಲ ಬೆವರಾಗಿ ಇಳಿಯುವತನಕ ಕತ್ತಿ ತಿರುಗಿಸಿ, ಆಮೇಲೆ ತನ್ನ ಜಟ್ಟಿಯೊಬ್ಬನ ಜೊತೆ ಕುಸ್ತಿ ಹಿಡಿಯುತ್ತಿದ್ದನಂತೆ. ಕೊನೆಗೆ ಬೆಳಗಾಗುವವರೆಗೆ ಕುದುರೆ ಸವಾರಿ. ಓದುಗರು ದಯವಿಟ್ಟು ಎಣ್ಣೆ ಕುಡಿಯುವುದನ್ನು ಅನುಕರಿಸಬಾರದು! ಆದರೆ ಕ್ರಮ ನೋಡಿ. ಮೊದಲು ಮೈ ಕಾಯಿಸುವುದು, ಆಮೇಲೆ ಭಾರ, ಆಮೇಲೆ ಬೆವರು, ಕೊನೆಗೆ ಕುಸ್ತಿ. ಮೈ ಸಿದ್ಧವಾಗದೆ ಅರಸನೂ ಕುಸ್ತಿಗೆ ಇಳಿಯುತ್ತಿರಲಿಲ್ಲ.

ಮೈಸೂರು ಅರಸರ ಕಾಲದಲ್ಲಿ ಈ ವಿದ್ಯೆಗೆ ಆಶ್ರಯ ಮುಂದುವರಿಯಿತು. ಇಂದಿಗೂ ವಿಜಯದಶಮಿಯಂದು ಅರಮನೆಯಲ್ಲಿ ವಜ್ರಮುಷ್ಟಿ ಕಾಳಗ ನಡೆಯುತ್ತದೆ. ಮೈಸೂರು, ಬೆಂಗಳೂರು, ಚನ್ನಪಟ್ಟಣ, ಚಾಮರಾಜನಗರಗಳ ಜಟ್ಟಿ ಮನೆತನದವರು ತಲೆ ಬೋಳಿಸಿಕೊಂಡು, ಮುಷ್ಟಿಗೆ ಆಯುಧ ಧರಿಸಿ ಎದುರಾಗುತ್ತಾರೆ. ತಲೆಯಿಂದ ಮೊದಲ ಹನಿ ರಕ್ತ ಕಾಣಿಸಿದರೆ ಮುಗಿಯಿತು, ಕಾಳಗ ಅಲ್ಲಿಗೇ ನಿಲ್ಲುತ್ತದೆ. ನೋಡುವವರಿಗೆ ಭಯವಾಗುವ ಈ ಕಾಳಗಕ್ಕೂ ಒಂದು 'ಸಾಕು' ಇದೆ ಎಂಬುದನ್ನು ಗಮನಿಸಬೇಕು. ಅದನ್ನು ತಲೆಮಾರಿನಿಂದ ತಲೆಮಾರಿಗೆ ಕಾಪಾಡಿಕೊಂಡು ಬಂದಿರುವುದರಿಂದಲೇ ಆಚರಣೆ ಉಳಿದಿದೆ.

ದಸರಾ ಕುಸ್ತಿಯಲ್ಲೂ ಅಷ್ಟೆ. ದೊಡ್ಡಕೆರೆ ಮೈದಾನದ ಅಖಾಡದಲ್ಲಿ ಪಂದ್ಯ ನಡೆಯುವ ಮೊದಲು ಜೋಡಿ ಕಟ್ಟುವ ಕಾರ್ಯಕ್ರಮವಿರುತ್ತದೆ. ಪೈಲ್ವಾನರನ್ನು ಎದುರುಬದುರು ನಿಲ್ಲಿಸಿ, ತೂಕ, ಮೈಕಟ್ಟು, ಹಿಂದಿನ ಕುಸ್ತಿಗಳನ್ನು ನೋಡಿ ಸರಿಜೋಡಿ ಗೊತ್ತುಮಾಡುತ್ತಾರೆ. ಅನುಭವಿ ಉಸ್ತಾದರ ಕಣ್ಣಳತೆ ಇಲ್ಲಿ ಕೆಲಸಕ್ಕೆ ಬರುತ್ತದೆ.

ಪುಸ್ತಕಕ್ಕೆ ಇಳಿಯದ ಪಾಠ

ಪಟ್ಟುಗಳನ್ನು ಪುಸ್ತಕದಲ್ಲಿ ಚಿತ್ರ ಸಮೇತ ಅಚ್ಚು ಹಾಕಬಹುದು. ವಿಡಿಯೊ ಮಾಡಿ ಇಡಬಹುದು. ಮಾಡಬೇಕಾದ ಕೆಲಸವೇ ಅದು. ಆದರೆ ಎದುರಿಗೆ ನಿಂತ ಹುಡುಗ ಇವತ್ತು ಎಷ್ಟು ತಡೆಯಬಲ್ಲ ಎಂಬುದು ವಿಡಿಯೊದಲ್ಲಿ ಸಿಗುವುದಿಲ್ಲ.

ಗರಡಿಯ ಕ್ರಮವನ್ನು ನೋಡಿ. ಹೊಸಬ ಮೊದಲು ಮಟ್ಟಿ ಅಗೆದು ಹದ ಮಾಡಬೇಕು. ಕೆಮ್ಮಣ್ಣಿಗೆ ಎಣ್ಣೆ, ಅರಿಶಿನ, ನಿಂಬೆರಸ, ಮಜ್ಜಿಗೆ ಮುಂತಾದವನ್ನು ಸೇರಿಸಿ ಕಲಸುವುದು ವಾಡಿಕೆ. ಇದನ್ನು ಕೆಲವರು ಚಾಕರಿ ಎಂದುಕೊಳ್ಳುತ್ತಾರೆ. ವಾಸ್ತವವಾಗಿ ಅದೇ ಮೊದಲ ವ್ಯಾಯಾಮ. ಗುದ್ದಲಿ ಹಿಡಿದ ಹುಡುಗನ ಸೊಂಟ, ತೋಳು, ಉಸಿರು ಎಲ್ಲವೂ ಉಸ್ತಾದರ ಕಣ್ಣಿಗೆ ಬೀಳುತ್ತವೆ. ಸಡಿಲವಾದ ಮಣ್ಣು ಬಿದ್ದವನ ಮೂಳೆಯನ್ನೂ ಕಾಯುತ್ತದೆ. ಆಮೇಲೆ ದಂಡ, ಬಸ್ಕಿ, ಗದೆ ತಿರುಗಿಸುವುದು. ನಂತರ ತನಗಿಂತ ಸ್ವಲ್ಪ ಹಿರಿಯನ ಜೊತೆ ಹಿಡಿತ. ಹಿರಿಯವನು ತನ್ನ ಬಲದಲ್ಲಿ ಕಾಲುಭಾಗವನ್ನಷ್ಟೇ ಬಳಸಿ ಕಿರಿಯನಿಗೆ ಪಟ್ಟು ಕಲಿಸುತ್ತಾನೆ. ನಾಳೆ ಇವನೇ ಇನ್ನೊಬ್ಬನಿಗೆ ಹಿರಿಯ. ಹೀಗೆ ಕಲಿಯುವವನೇ ಕಲಿಸುವವನೂ ಆಗುತ್ತಾ ಹೋಗುತ್ತಾನೆ. ಎಷ್ಟು ಒತ್ತಿದರೆ ನೋವು, ಎಷ್ಟು ತಿರುಚಿದರೆ ಅಪಾಯ ಎಂಬುದು ಅವನ ಕೈಗೆ ಗೊತ್ತಾಗುತ್ತದೆ.

ವಾಗ್ಭಟನ ಅಷ್ಟಾಂಗ ಹೃದಯದಲ್ಲಿ ವ್ಯಾಯಾಮದ ಬಗ್ಗೆ ಒಂದು ಸೂಚನೆಯಿದೆ. ಬಲವಂತನೂ ಚಳಿಗಾಲ, ವಸಂತಕಾಲಗಳಲ್ಲಿ ತನ್ನ ಅರ್ಧ ಶಕ್ತಿಯಷ್ಟು ಮಾತ್ರ ವ್ಯಾಯಾಮ ಮಾಡಬೇಕು, ಉಳಿದ ಕಾಲದಲ್ಲಿ ಅದಕ್ಕಿಂತ ಕಡಿಮೆ ಎಂಬುದು ಅದರ ಸಾರ. ಇಂದಿನ ಕ್ರೀಡಾ ವೈದ್ಯರೂ ಹೊರೆಯನ್ನು ಮೆಲ್ಲಮೆಲ್ಲನೆ ಏರಿಸಬೇಕು, ನಡುವೆ ವಿಶ್ರಾಂತಿ ಕೊಡಬೇಕು ಎನ್ನುತ್ತಾರೆ. ಉಸ್ತಾದರು ಈ ಎರಡನ್ನೂ ಓದಿಲ್ಲದಿರಬಹುದು. ತಮ್ಮ ಉಸ್ತಾದರಿಂದ ತಿಳಿದುಕೊಂಡಿದ್ದಾರೆ.

ಸಾಲು ಕಡಿಯದಿದ್ದರೆ ಏನಾಗುತ್ತದೆ ಎಂಬುದಕ್ಕೆ ದೆಹಲಿಯ ಉದಾಹರಣೆ ಇದೆ. 1999ರಲ್ಲಿ ತೀರಿಕೊಂಡ ಗುರು ಹನುಮಾನ್ ತಮ್ಮ ಅಖಾಡದಲ್ಲಿ ದಶಕಗಳ ಕಾಲ ಹುಡುಗರನ್ನು ತಯಾರು ಮಾಡಿದರು. ಅವರ ಶಿಷ್ಯ ಸತ್ಪಾಲ್ 1982ರ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದರು, ಆಮೇಲೆ ತಾವೇ ಗುರುವಾಗಿ ಛತ್ರಸಾಲ್ ಕ್ರೀಡಾಂಗಣದಲ್ಲಿ ಮಕ್ಕಳನ್ನು ತಿದ್ದಿದರು. ಅಲ್ಲಿ ಪಳಗಿದ ಯೋಗೇಶ್ವರ್ ದತ್ 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಕಂಚು ತಂದರು. ಮಣ್ಣಿನ ಅಖಾಡದಲ್ಲಿ ಶುರುವಾದ ಪಾಠ ಮ್ಯಾಟ್ ಮೇಲೆ ಫಲ ಕೊಟ್ಟಿತು.

ಎಲ್ಲಿ ಕಡಿಯುತ್ತಿದೆ?

ನಮ್ಮಲ್ಲಿ ಸಾಲು ಕಡಿಯುತ್ತಿರುವುದು ಗರಡಿಯ ಬಾಗಿಲಲ್ಲಿ ಮಾತ್ರವಲ್ಲ, ನಮ್ಮ ಮನೆಯ ಬಾಗಿಲಲ್ಲೂ ಹೌದು. ಬೆಳಗಿನ ಐದೂವರೆಗೆ ಹುಡುಗ ಗರಡಿಗೆ ಹೋಗಬೇಕೋ ಟ್ಯೂಷನ್ನಿಗೆ ಹೋಗಬೇಕೋ ಎಂದರೆ ತಂದೆತಾಯಿಯ ಉತ್ತರ ಗೊತ್ತೇ ಇದೆ. ಗರಡಿಗೆ ಹೋದರೆ ಪುಂಡನಾಗುತ್ತಾನೆ ಎಂಬ ಭಯ ಬೇರೆ. ಇತ್ತ ಎಷ್ಟೋ ಉಸ್ತಾದರು ಸಂಬಳವಿಲ್ಲದೆ, ಬೇರೆ ದುಡಿಮೆ ಮಾಡಿಕೊಂಡು ಬೆಳಿಗ್ಗೆ ಸಂಜೆ ಕಲಿಸುತ್ತಾರೆ. ದಸರೆಯ ದಿನಗಳಲ್ಲಿ ಅವರಿಗೆ ಶಾಲು, ಹಾರ. ವರ್ಷದ ಉಳಿದ ದಿನಗಳಲ್ಲಿ ಅವರ ನೆನಪು ಯಾರಿಗೂ ಇರುವುದಿಲ್ಲ. ಅವರ ಮಕ್ಕಳು ಬೇರೆ ಕೆಲಸ ಹಿಡಿದರೆ ತಪ್ಪು ಹೇಳುವ ಹಾಗಿಲ್ಲ.

ಹುಡುಗರಿಗಂತೂ ಮೈ ಬೆಳೆಸುವ ಆಸೆ ಕಡಿಮೆಯಾಗಿಲ್ಲ, ಹೆಚ್ಚಾಗಿದೆ. ಜಿಮ್‌ಗಳೆಲ್ಲ ಕೆಟ್ಟವು ಎಂಬ ಅರ್ಥದಲ್ಲಿ ನಾನು ಹೇಳುತ್ತಿಲ್ಲ. ತರಬೇತಿ ಪಡೆದ, ಜವಾಬ್ದಾರಿಯುಳ್ಳ ಶಿಕ್ಷಕರು ಅಲ್ಲಿಯೂ ಇದ್ದಾರೆ. ಆದರೆ ಶಿಕ್ಷಕನೇ ಇಲ್ಲದೆ ಯಂತ್ರಗಳಷ್ಟೇ ಇರುವ ಕಡೆ, ಮೂರು ತಿಂಗಳಲ್ಲಿ ಮೈಕಟ್ಟು ಬೇಕೆನ್ನುವ ಹುಡುಗನಿಗೆ 'ಸಾಕು' ಎನ್ನುವವರು ಇರುವುದಿಲ್ಲ. 'ಇದನ್ನು ತೆಗೆದುಕೋ' ಎನ್ನುವವರು ಮಾತ್ರ ಸಿಗುತ್ತಾರೆ. ಮೊದಲು ಪುಡಿ, ಆಮೇಲೆ ಮಾತ್ರೆ, ಆಮೇಲೆ ಸೂಜಿ. ಅನಾಬೊಲಿಕ್ ಸ್ಟೆರಾಯ್ಡ್‌ಗಳು ಸ್ನಾಯುವನ್ನು ಉಬ್ಬಿಸುತ್ತವೆ ನಿಜ. ಅದರ ಜೊತೆಗೆ ಹೃದಯ, ಯಕೃತ್ತುಗಳಿಗೆ ಹಾನಿ ಮಾಡುತ್ತವೆ, ವೃಷಣಗಳನ್ನು ಕುಗ್ಗಿಸಿ ಸಂತಾನಶಕ್ತಿಯನ್ನು ಕುಂದಿಸುತ್ತವೆ. ಬೆಳೆಯುವ ವಯಸ್ಸಿನವರಲ್ಲಿ ಎತ್ತರದ ಬೆಳವಣಿಗೆಯನ್ನೇ ಅಕಾಲದಲ್ಲಿ ನಿಲ್ಲಿಸಬಹುದು.

ಊಟದ ವಿಷಯದಲ್ಲೂ ಎರಡು ಮಾತು ಹೇಳಬೇಕು. ಸಾಮಾನ್ಯ ವಯಸ್ಕರಿಗೆ ದಿನಕ್ಕೆ ದೇಹದ ತೂಕದ ಪ್ರತಿ ಕಿಲೋಗೆ ಸುಮಾರು 0.8 ಗ್ರಾಂ ಪ್ರೋಟೀನ್ ಸಾಕು. ಕಠಿಣ ಸಾಮು ಮಾಡುವವರಿಗೆ 1.2ರಿಂದ 2 ಗ್ರಾಂ ಬೇಕಾಗುತ್ತದೆ. 60 ಕಿಲೋ ತೂಕದ ಪೈಲ್ವಾನನಿಗೆ ಇದು 72ರಿಂದ 120 ಗ್ರಾಂ. ಒಂದು ಲೀಟರ್ ಹಾಲಿನಲ್ಲಿ 30 ಗ್ರಾಂಗೂ ಹೆಚ್ಚು, ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ, ನೂರು ಗ್ರಾಂ ಬೇಳೆ ಅಥವಾ ಕಡಲೆಕಾಯಿ ಬೀಜದಲ್ಲಿ 20 ಗ್ರಾಂಗಿಂತ ಹೆಚ್ಚು ಪ್ರೋಟೀನ್ ಇರುತ್ತದೆ. ರಾಗಿಮುದ್ದೆ, ಹುರುಳಿಕಾಳಿನ ಸಾರು, ಮೊಳಕೆಕಾಳು, ಹಾಲು, ಮೊಟ್ಟೆ ಇರುವ ಮನೆಯಲ್ಲಿ ದುಬಾರಿ ಡಬ್ಬಿಯ ಅಗತ್ಯ ಬಹುಮಂದಿಗೆ ಬೀಳುವುದಿಲ್ಲ. ಇನ್ನೊಂದು ಎಚ್ಚರಿಕೆ: ಸಾಮು ಬಿಟ್ಟ ಮೇಲೂ ಪೈಲ್ವಾನರ ಊಟ ಬಿಡದವರಿಗೆ ಬೊಜ್ಜು, ಸಕ್ಕರೆ ಕಾಯಿಲೆ, ರಕ್ತದೊತ್ತಡ ಬೆನ್ನು ಹತ್ತುತ್ತವೆ. ಅಖಾಡ ಬಿಟ್ಟ ದಿನವೇ ತುಪ್ಪದ ಪಾತ್ರೆಯಿಂದಲೂ ದೂರ ಸರಿಯಬೇಕು.

ಉಳಿಸಬೇಕಾದ್ದು, ಬಿಡಬೇಕಾದ್ದು

ಪರಂಪರೆಯನ್ನು ಉಳಿಸುವುದೆಂದರೆ ಎಲ್ಲವನ್ನೂ ಇದ್ದ ಹಾಗೆಯೇ ಇಟ್ಟುಕೊಳ್ಳುವುದಲ್ಲ. ಗರಡಿಗಳಲ್ಲಿ ಬದಲಾಗಬೇಕಾದ ಅಭ್ಯಾಸಗಳಿವೆ. ಉಸ್ತಾದರು ಬೇಸರಪಡದೆ ಕೇಳಬೇಕೆಂದು ವಿನಂತಿ.

ಮೊದಲನೆಯದು ನೀರು. ಸಾಮಿನ ನಡುವೆ ನೀರು ಕುಡಿಯಬಾರದೆಂಬ ನಂಬಿಕೆ ಇನ್ನೂ ಕೆಲವೆಡೆ ಇದೆ. ಇದು ತಪ್ಪು. ಬೆವರು ಹರಿದಂತೆ ಗುಟುಕು ಗುಟುಕಾಗಿ ನೀರು ಕುಡಿಯಲೇಬೇಕು. ಪಂದ್ಯಕ್ಕೆ ತೂಕ ಇಳಿಸಲೆಂದು ನೀರು ಬಿಟ್ಟು, ಮೈ ಮುಚ್ಚಿಕೊಂಡು ಓಡಿ ಬೆವರುವುದಂತೂ ಜೀವಕ್ಕೇ ಅಪಾಯ. 1997ರಲ್ಲಿ ಅಮೆರಿಕದಲ್ಲಿ ಮೂವರು ಕಾಲೇಜು ಕುಸ್ತಿಪಟುಗಳು ಹೀಗೆ ತೂಕ ಇಳಿಸಲು ಹೋಗಿ ಸುಮಾರು ಒಂದು ತಿಂಗಳ ಅಂತರದಲ್ಲಿ ಸತ್ತರು. ಆ ಬಳಿಕ ಅಲ್ಲಿ ನಿಯಮಗಳನ್ನೇ ಬದಲಿಸಿದರು.

ಎರಡನೆಯದು ಚರ್ಮ. ಮೈಗೆ ಮೈ ತಾಗುವ ಆಟದಲ್ಲಿ ಹುಳುಕಡ್ಡಿ, ಕೀವುಗುಳ್ಳೆ, ಸರ್ಪಸುತ್ತಿನಂತೆ ಕಾಣುವ ಹರ್ಪಿಸ್ ಗುಳ್ಳೆಗಳು ಬೇಗ ಹರಡುತ್ತವೆ. ಗುಳ್ಳೆಯಿದ್ದವನು ವಾಸಿಯಾಗುವ ತನಕ ಮಟ್ಟಿಗೆ ಇಳಿಯಬಾರದು. ಲಂಗೋಟಿ, ಟವೆಲ್ ಹಂಚಿಕೊಳ್ಳಬಾರದು. ಅಂಗಡಿಯಲ್ಲಿ ಕೇಳಿ ತಂದ ಸ್ಟೆರಾಯ್ಡ್ ಮುಲಾಮು ಹುಳುಕಡ್ಡಿಯನ್ನು ಇನ್ನಷ್ಟು ಹಬ್ಬಿಸುತ್ತದೆ. ಅರಿಶಿನ ಬೆರೆಸಿದ ಮಣ್ಣು ಪವಿತ್ರವಿರಬಹುದು, ಆದರೆ ಮಣ್ಣಿನಲ್ಲಿ ಧನುರ್ವಾಯು ರೋಗಾಣು ಇರುತ್ತದೆ. ಮಕ್ಕಳಿಗೆ 10 ಮತ್ತು 16ನೇ ವಯಸ್ಸಿನಲ್ಲಿ ಕೊಡುವ ಟಿಡಿ ಚುಚ್ಚುಮದ್ದು ತಪ್ಪಬಾರದು, ದೊಡ್ಡವರು 10 ವರ್ಷಕ್ಕೊಮ್ಮೆ ಹಾಕಿಸಿಕೊಳ್ಳಬೇಕು.

ಮೂರನೆಯದು ಕಿವಿ ಮತ್ತು ತಲೆ. ಉಜ್ಜಿ ಉಜ್ಜಿ ಮುದುಡಿದ ಕಿವಿಯನ್ನು ಪೈಲ್ವಾನರು ಪದಕದಂತೆ ತೋರಿಸುತ್ತಾರೆ. ಕಿವಿ ಊದಿದ ಕೂಡಲೇ ವೈದ್ಯರ ಬಳಿ ಹೋಗಿ ಒಳಗೆ ನಿಂತ ರಕ್ತವನ್ನು ತೆಗೆಸಿದರೆ ಅದು ಹಾಗಾಗುವುದನ್ನು ತಪ್ಪಿಸಬಹುದು. ತಲೆಗೆ ಪೆಟ್ಟು ಬಿದ್ದು ಮಂಕಾದವನು, ವಾಂತಿ ಮಾಡಿಕೊಂಡವನು ಆ ದಿನ ಮತ್ತೆ ಕಣಕ್ಕೆ ಇಳಿಯಲೇಕೂಡದು, ವೈದ್ಯರಿಗೆ ತೋರಿಸಬೇಕು. ಉಳುಕು ತೆಗೆಯುವುದರಲ್ಲಿ ಉಸ್ತಾದರ ಕೈ ಎಷ್ಟೇ ಪಳಗಿದ್ದರೂ, ಕುತ್ತಿಗೆ ನೋವು, ಕೈಕಾಲು ಜೋಮು, ಮೂಳೆ ಮುರಿದ ಅನುಮಾನ ಇದ್ದರೆ ಮುಟ್ಟಬಾರದು.

ನಾಲ್ಕನೆಯದು ಹೆಣ್ಣುಮಕ್ಕಳು. ಅನೇಕ ಗರಡಿಗಳು ಅವರನ್ನು ಒಳಗೆ ಬಿಡದ ಸಂಪ್ರದಾಯ ಇಟ್ಟುಕೊಂಡಿವೆ. ದಸರೆಯಲ್ಲಿ ಮಹಿಳೆಯರಿಗೆ 'ದಸರಾ ಕಿಶೋರಿ' ಪ್ರಶಸ್ತಿ ಇದೆ, 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಸಾಕ್ಷಿ ಮಲಿಕ್ ಕಂಚು ಗೆದ್ದಿದ್ದಾರೆ. ಮೂಳೆ ಗಟ್ಟಿಯಾಗಬೇಕಾದದ್ದು ಬಾಲ್ಯ ಮತ್ತು ಹದಿಹರೆಯದಲ್ಲಿ, ಹೆಣ್ಣಿಗೆ ಅದು ಇನ್ನೂ ಮುಖ್ಯ. ಕಲಿಯಲು ಬಂದವರಲ್ಲಿ ಅರ್ಧದಷ್ಟು ಮಂದಿಯನ್ನು ಹೊರಗೆ ನಿಲ್ಲಿಸಿ, ಶಿಷ್ಯರಿಲ್ಲ ಎಂದು ಕೊರಗುವುದರಲ್ಲಿ ಅರ್ಥವಿಲ್ಲ.

ಈ ನಾಲ್ಕನ್ನು ಬಿಟ್ಟರೆ ಪರಂಪರೆಗೆ ಕುಂದಿಲ್ಲ. ಕಣ್ಣಳತೆಯನ್ನು ಬಿಟ್ಟರೆ ಮಾತ್ರ ಉಳಿಯುವುದು ಕಟ್ಟಡ ಮತ್ತು ಗದೆ.

ನಾವು ಮಾಡಬಹುದಾದದ್ದು

5ರಿಂದ 17 ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷವಾದರೂ ಮೈ ದಣಿಯುವ ಚಟುವಟಿಕೆ ಬೇಕು, ವಾರಕ್ಕೆ ಕನಿಷ್ಠ ಮೂರು ದಿನ ಸ್ನಾಯು ಮತ್ತು ಮೂಳೆ ಗಟ್ಟಿಗೊಳಿಸುವ ವ್ಯಾಯಾಮವಿರಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ನಿಮ್ಮ ಊರಿನಲ್ಲಿ ಗರಡಿ ಇದ್ದರೆ, ಉತ್ತರ ಕರ್ನಾಟಕದ ಕಡೆಯವರಾದರೆ ತಾಲೀಮು ಮನೆ ಇದ್ದರೆ, ಒಂದು ಬೆಳಿಗ್ಗೆ ಮಕ್ಕಳ ಜೊತೆ ಹೋಗಿ ನೋಡಿ. ಹೊಸಬನಿಗೆ ಮೊದಲ ವಾರ ಏನು ಮಾಡಿಸುತ್ತೀರಿ ಎಂದು ಉಸ್ತಾದರನ್ನು ಕೇಳಿ. ಕಡಿಮೆ ಮಾಡಿಸುತ್ತೇನೆ ಎಂದವರ ಬಳಿ ಧೈರ್ಯವಾಗಿ ಬಿಡಬಹುದು. ಜಿಮ್‌ನಲ್ಲಿಯೂ ಇದೇ ಪ್ರಶ್ನೆ ಕೇಳಿ. ಎಲ್ಲರೂ ಪೈಲ್ವಾನರಾಗಬೇಕಿಲ್ಲ. ಪಿಯುಸಿ ಓದುವ ಹುಡುಗ ವಾರಕ್ಕೆ ಮೂರು ದಿನ ಒಂದು ಗಂಟೆ ಸಾಮು ಮಾಡಿದರೆ ಓದಿಗೆ ನಷ್ಟವೇನೂ ಇಲ್ಲ.

ಸರ್ಕಾರ ಮತ್ತು ನಗರಸಭೆಗಳು ಗರಡಿ ಕಟ್ಟಡಕ್ಕೆ ಸುಣ್ಣಬಣ್ಣ ಮಾಡಿಸಿದರೆ ಸಾಲದು. ಒಳಗೆ ಕಲಿಸುವವರಿಗೆ ತಿಂಗಳ ಗೌರವಧನ ಕೊಡಬೇಕು, ಪ್ರಥಮ ಚಿಕಿತ್ಸೆಯ ತರಬೇತಿ ಕೊಡಬೇಕು. ಪ್ರತಿ ಹಿರಿಯ ಉಸ್ತಾದರ ಪಕ್ಕದಲ್ಲಿ ಒಬ್ಬ ಕಿರಿಯ ಉಸ್ತಾದ್ ತಯಾರಾಗುವಂತೆ ನೋಡಿಕೊಳ್ಳಬೇಕು. ಹತ್ತಿರದ ಶಾಲೆಗಳ ದೈಹಿಕ ಶಿಕ್ಷಕರು ವಾರಕ್ಕೊಮ್ಮೆ ಮಕ್ಕಳನ್ನು ಗರಡಿಗೆ ಕರೆದೊಯ್ಯಬಹುದು. ನಮ್ಮಂಥ ವೈದ್ಯರು ತಿಂಗಳಿಗೊಂದು ಬೆಳಿಗ್ಗೆ ಅಲ್ಲಿಗೆ ಹೋಗಿ ಚರ್ಮ, ಕಿವಿ, ರಕ್ತದೊತ್ತಡ ನೋಡಿಬಂದರೆ ಗಂಟು ಕಳೆದುಕೊಳ್ಳುವುದಿಲ್ಲ.

ಆ ಹುಡುಗ ಪೂರ್ತಿ ಗುಣವಾಗಿ, ರಕ್ತ ಪರೀಕ್ಷೆಗಳೆಲ್ಲ ಸರಿಯಿವೆ ಎಂದ ಮೇಲೆ ಅಜ್ಜನೇ ಅವನನ್ನು ತಮ್ಮ ಹಳೆಯ ಗರಡಿಗೆ ಕರೆದುಕೊಂಡು ಹೋದರು. ಅವರ ಉಸ್ತಾದರು ಈಗಿಲ್ಲ. ಅವರ ಶಿಷ್ಯರೊಬ್ಬರು ಕಲಿಸುತ್ತಿದ್ದಾರೆ. ಮೊನ್ನೆ ತಪಾಸಣೆಗೆ ಬಂದಾಗ ಹುಡುಗನನ್ನು "ಈಗ ಎಷ್ಟು ಬಸ್ಕಿ?" ಎಂದು ಕೇಳಿದೆ. "ನಲವತ್ತು ಡಾಕ್ಟ್ರೇ. ಐವತ್ತು ಹೊಡೀತೀನಿ ಅಂದ್ರೆ ಉಸ್ತಾದರೂ ಬಿಡಲ್ಲ, ತಾತನೂ ಬಿಡಲ್ಲ" ಎಂದು ದೂರಿದ.

ಅಜ್ಜ ಏನೂ ಮಾತನಾಡದೆ ಮುಂದಿನ ತಪಾಸಣೆಯ ಚೀಟಿಯನ್ನು ಮಡಚಿ ಜೇಬಿಗೆ ಇಟ್ಟುಕೊಂಡರು. ನಿಮ್ಮ ಮನೆಯಲ್ಲಿಯೂ ಗರಡಿಯ ಮಣ್ಣು ಮುಟ್ಟಿದ ಹಿರಿಯರೊಬ್ಬರು ಇರಬಹುದು. ಇರುವಾಗಲೇ ಅವರನ್ನು ಕೇಳಿ.